ಒಂದು ಕಲ್ಲು, ಎಂಟು ಜೊತೆ ಕಣ್ಣು: ಕಲಾಕೃತಿಯನ್ನು ಗುಂಪಾಗಿ ನೋಡುವ ಕ್ರಮ

ಹರಿಹರದಲ್ಲಿ ಅರ್ಧ ಶಿವ, ಅರ್ಧ ವಿಷ್ಣುವಾಗಿರುವ ಹರಿಹರೇಶ್ವರನ ದರ್ಶನ ಮುಗಿಸಿ ಹೊರಗೆ ಬಂದ ಯಾವ ಗುಂಪನ್ನಾದರೂ ಕೇಳಿ ನೋಡಿ: ಮೂರ್ತಿಯಲ್ಲಿ ಶಿವ ಯಾವ ಕಡೆಗಿದ್ದಾನೆ? ಕೆಲವರು ಬಲಕ್ಕೆ ಎನ್ನುತ್ತಾರೆ, ಕೆಲವರು ಎಡಕ್ಕೆ. ಸ್ವಲ್ಪ ಹೊತ್ತಿನಲ್ಲೇ ದನಿ ಏರುತ್ತದೆ. ತಮಾಷೆಯೆಂದರೆ ಎರಡು ಕಡೆಯವರೂ ಸರಿಯಾಗಿಯೇ ನೋಡಿರುತ್ತಾರೆ. ಮೂರ್ತಿಯ ಬಲಭಾಗ ಶಿವನದು. ಎದುರು ನಿಂತ ನಮಗೆ ಅದು ಎಡಗಡೆ. ಶಿಲ್ಪವನ್ನು ಬಲ್ಲವರು ಮೂರ್ತಿಯ ಬಲವನ್ನೇ ಬಲ ಎನ್ನುತ್ತಾರೆ, ಉಳಿದವರು ತಮ್ಮ ಊಟದ ಕೈಯನ್ನು ನೆನೆದು ಹೇಳುತ್ತಾರೆ.

ದಾವಣಗೆರೆಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಹೀಗೆ ಹೊರಟು, ಒಂದೇ ಒಂದು ಕಲಾಕೃತಿಯ ಮುಂದೆ ನಿಂತು ಬರುತ್ತೇವೆ. ನಮ್ಮಲ್ಲಿ ಕಲಾ ಇತಿಹಾಸ ಓದಿದವರು ಯಾರೂ ಇಲ್ಲ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು, ಅಷ್ಟೇ. ನಮ್ಮ ತಪ್ಪುಗಳಿಂದ ರೂಪುಗೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನಿಮ್ಮೂರಿನಲ್ಲಿ ಇಂಥದೊಂದು ಗುಂಪು ಕಟ್ಟಬೇಕೆಂದಿದ್ದರೆ ಬಳಸಿಕೊಳ್ಳಿ.

ಮೊದಲ ಹೆಜ್ಜೆ: ಯಾವುದನ್ನು ನೋಡುವುದು

ಚಿತ್ರದುರ್ಗದ ಕೋಟೆಗೆ ಹೋದವರು ಏಳು ಸುತ್ತನ್ನೂ ಒಂದೇ ಬೆಳಿಗ್ಗೆ ಮುಗಿಸಿ ಬರುತ್ತಾರೆ. ಕಾಲಿಗೆ ಒಳ್ಳೆಯ ವ್ಯಾಯಾಮ. ಕಣ್ಣಿಗೆ ಕೆಲಸ ಬೇಕೆಂದರೆ ಒಂದು ಬಾಗಿಲು ಸಾಕು, ಅಥವಾ ಒಂದು ಗೋಡೆಯ ಒಂದು ಕೆತ್ತನೆ. ಒಂದು ದಿನಕ್ಕೆ ಒಂದು ಕೃತಿ, ತೀರಾ ಹೆಚ್ಚೆಂದರೆ ಎರಡು.

ಮೊದಲ ಸಲಕ್ಕೆ ಹೆಸರಾಂತ ಕಥೆಯಿರುವ ಕೃತಿ ಬೇಡ. ಚಿತ್ರದುರ್ಗದಲ್ಲಿ ಒನಕೆ ಓಬವ್ವನ ಪ್ರತಿಮೆಯ ಮುಂದೆ ನಿಂತು "ಏನು ಕಾಣುತ್ತದೆ?" ಎಂದು ಕೇಳಿದರೆ ಜನ ಹೈದರಾಲಿಯ ಸೈನಿಕರು, ಕಳ್ಳಗಿಂಡಿ, ಊಟಕ್ಕೆ ಕೂತ ಗಂಡ, ನೀರಿಗೆ ಬಂದ ಹೆಂಡತಿ ಎಂದು ಕಥೆ ಹೇಳತೊಡಗುತ್ತಾರೆ. ಪ್ರತಿಮೆಯ ಭಾರ ಯಾವ ಕಾಲಿನ ಮೇಲಿದೆ, ದೃಷ್ಟಿ ಎತ್ತ ನೆಟ್ಟಿದೆ ಎಂದು ಕೇಳಿದರೆ ಮತ್ತೆ ತಲೆಯೆತ್ತಿ ನೋಡಬೇಕಾಗುತ್ತದೆ. ಗೊತ್ತಿರುವ ಕಥೆ ಕಣ್ಣಿನ ಮುಂದೆ ಪರದೆಯಂತೆ ಇಳಿದುಬಿಡುತ್ತದೆ. ಅಂಥವನ್ನು ನಾಲ್ಕೈದು ಸಲ ಪಳಗಿದ ಮೇಲೆ ನೋಡಿ.

ಹೊಸಬರಿಗೆ ನನ್ನ ಆಯ್ಕೆ ವೀರಗಲ್ಲು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಹುಡುಕಿದರೆ ಊರ ಹೊರಗೋ ಗುಡಿಯ ಪಕ್ಕದಲ್ಲೋ ಹೊಲದ ಬದುವಿನಲ್ಲೋ ಒಂದಾದರೂ ಸಿಗುತ್ತದೆ. ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ, ಆಳೆತ್ತರದೊಳಗೆ ಒಂದು ಪೂರ್ತಿ ಕಥೆಯಿದೆ. ಊರವರು ಅದಕ್ಕೆ ಪೂಜೆ ಮಾಡುತ್ತಿದ್ದರೆ ಮೊದಲು ಅವರ ಅನುಮತಿ ಕೇಳಿ, ಚಪ್ಪಲಿ ದೂರ ಬಿಡಿ. ಕುಂಕುಮ, ಎಣ್ಣೆ ಮೆತ್ತಿರುವುದೂ ಆ ಕಲ್ಲಿನ ಚರಿತ್ರೆಯೇ. ಸ್ವಚ್ಛ ಮಾಡುತ್ತೇವೆಂದು ಹೊರಡಬೇಡಿ.

ಪೂಜೆ ನಡೆಯುವ ದೇವಸ್ಥಾನವಾದರೆ ಗರ್ಭಗುಡಿಯ ಎದುರು ಚರ್ಚೆ ಸಲ್ಲದು. ಹರಿಹರದಲ್ಲಿ ನಾವು ಕೂರುವುದು ಮಂಟಪದಲ್ಲಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ತಿರುಗಣಿಗೆ ಕೊಟ್ಟು ಕಡೆದ ಕಂಬಗಳು ಎಷ್ಟು ನುಣುಪಾಗಿವೆಯೆಂದರೆ ಒಂದೇ ಕಂಬಕ್ಕೆ ಒಂದು ಬೆಳಿಗ್ಗೆ ಹೋಗುತ್ತದೆ.

ಎರಡನೆಯ ಹೆಜ್ಜೆ: ಜನ

ಆರರಿಂದ ಎಂಟು ಜನ. ಹತ್ತು ದಾಟಿದರೆ ಹಿಂದೆ ನಿಂತವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ.

ಎಲ್ಲರೂ ಒಂದೇ ಕಸುಬಿನವರಾದರೆ ಸಪ್ಪೆ. ದಾವಣಗೆರೆ ಹತ್ತಿ ಮಿಲ್ಲುಗಳ ಊರಾಗಿತ್ತು. ನಮ್ಮ ಗುಂಪಿನಲ್ಲಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಒಂದು ಮಳೆಗಾಲದ ಭಾನುವಾರ ಹೊರಗೆ ಹೋಗಲಾಗದೆ ಮನೆಯಲ್ಲೇ ಮೊಳಕಾಲ್ಮೂರು ರೇಷ್ಮೆ ಸೀರೆಯೊಂದನ್ನು ಹರವಿಕೊಂಡು ಕೂತೆವು. ನಾವೆಲ್ಲ ಸೆರಗಿನ ಬಣ್ಣವನ್ನು ಹೊಗಳುತ್ತಿದ್ದೆವು. ಅವರು ಸೀರೆಯನ್ನು ಮಗುಚಿ, ಬುಟ್ಟಾದ ಹಿಂಬದಿಯಲ್ಲಿ ನೂಲು ಎಲ್ಲಿ ಒಳಹೊಕ್ಕು ಎಲ್ಲಿ ಹೊರಟಿದೆ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಅರ್ಧ ಗಂಟೆ ಯಾರೂ ಸೀರೆಯ ಮುಂಬದಿಯನ್ನು ನೋಡಲಿಲ್ಲ.

ಒಬ್ಬರು ನಡೆಸುವವರು ಬೇಕು. ಅವರ ಕೆಲಸ ವಿವರಣೆ ಕೊಡುವುದಲ್ಲ, ಮಾತು ಕಲ್ಲನ್ನು ಬಿಟ್ಟು ದೂರ ಹೋಗದಂತೆ ಕಾಯುವುದು. ಇನ್ನೊಬ್ಬರು ಟಿಪ್ಪಣಿ ಬರೆದುಕೊಳ್ಳುವವರು.

ಮೂರನೆಯ ಹೆಜ್ಜೆ: ಬೆಳಕು

ಇದನ್ನು ಕಡೆಗಣಿಸಿ ಮೊದಲ ಎರಡು ಪ್ರವಾಸಗಳನ್ನು ಹಾಳು ಮಾಡಿಕೊಂಡೆವು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಕೆತ್ತನೆ ಸಪಾಟಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಉಬ್ಬಿನ ಪಕ್ಕದಲ್ಲಿ ನೆರಳು ನಿಂತು ಮೂಗು, ಬಿಲ್ಲಿನ ಹೆದೆ, ಅಕ್ಷರದ ಗೆರೆ ಎದ್ದು ಬರುತ್ತವೆ. ಕಲ್ಲು ಯಾವ ದಿಕ್ಕಿಗೆ ಮುಖಮಾಡಿದೆ ಎಂದು ಮೊದಲೇ ಒಬ್ಬರು ನೋಡಿಬಂದು ಹೊತ್ತು ನಿಗದಿ ಮಾಡಬೇಕು.

ಮೋಡವಿದ್ದರೆ ಒಂದು ಟಾರ್ಚ್ ಒಯ್ಯಿರಿ. ಎದುರಿನಿಂದ ಹಿಡಿಯಬೇಡಿ, ಕಲ್ಲಿನ ಪಕ್ಕಕ್ಕೆ ನಿಂತು ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಮೊಬೈಲಿನ ಬೆಳಕೂ ಸಾಕಾಗುತ್ತದೆ. ಅಕ್ಷರ ಓದಲೆಂದು ಸುಣ್ಣ, ಸೀಮೆಸುಣ್ಣ, ಅರಿಸಿನ, ಎಣ್ಣೆ ಹಚ್ಚುವ ಚಾಳಿ ಇನ್ನೂ ಹೋಗಿಲ್ಲ. ಅದು ಕಲ್ಲನ್ನು ಕೆಡಿಸುತ್ತದೆ. ಹಾಗೆ ಮಾಡುವವರನ್ನು ನಾವು ಮುಂದಿನ ಸಲ ಕರೆಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮೌನ

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನ ಒಂದು ಕಲಾಕೃತಿಯನ್ನು ನೋಡಿದ್ದು ಸರಾಸರಿ 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಟಿಕೆಟ್ ಕೊಂಡು ಜಗತ್ಪ್ರಸಿದ್ಧ ಚಿತ್ರಗಳ ಮುಂದೆ ನಿಂತವರ ಪಾಡೇ ಇದಾದರೆ ಊರ ಹೊರಗಿನ ಕಲ್ಲನ್ನು ಯಾರು ಕೇಳುತ್ತಾರೆ?

ಆದ್ದರಿಂದ ಮೊದಲ ಐದು ನಿಮಿಷ ಯಾರೂ ಮಾತನಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಐದು ನಿಮಿಷ ಬಹಳ ಉದ್ದ. ಎರಡನೆಯ ನಿಮಿಷಕ್ಕೆ ಕಾಲು ಬದಲಿಸುತ್ತಾರೆ, ಮೂರನೆಯ ನಿಮಿಷಕ್ಕೆ ಆಕಳಿಸುತ್ತಾರೆ. ನಾಲ್ಕನೆಯದರಲ್ಲಿ ಯಾರೋ ಒಬ್ಬರು ಕಲ್ಲಿನ ಹತ್ತಿರ ಬಾಗುತ್ತಾರೆ. ಅವರಿಗೆ ಏನೋ ಕಂಡಿದೆ.

ಅದಾದ ಮೇಲೆ ಎಲ್ಲರೂ ಕಲ್ಲಿಗೆ ಬೆನ್ನು ಮಾಡಿ ನಿಂತು ನೆನಪಿನಿಂದ ಒಂದೊಂದು ವಿವರ ಹೇಳಬೇಕು. ಎಷ್ಟು ಮನುಷ್ಯರು? ಯಾರು ಯಾವ ಕಡೆ ಮುಖ ಮಾಡಿದ್ದಾರೆ? ಉತ್ತರಗಳು ಹೊಂದುವುದಿಲ್ಲ. ತಿರುಗಿ ನೋಡುವ ಆತುರ ಹುಟ್ಟಿದರೆ ಈ ಹೆಜ್ಜೆ ಕೆಲಸ ಮಾಡಿದೆ. ಎಡ ಬಲದ ಒಪ್ಪಂದವನ್ನೂ ಇಲ್ಲೇ ಮಾಡಿಕೊಳ್ಳಿ. ನಾವು "ಮೂರ್ತಿಯ ಬಲಗೈ", "ನಮ್ಮ ಎಡಗಡೆ" ಎಂದು ಯಾರ ಬಲ, ಯಾರ ಎಡ ಎಂಬುದನ್ನು ಸೇರಿಸಿಯೇ ಹೇಳುತ್ತೇವೆ.

ಐದನೆಯ ಹೆಜ್ಜೆ: ಕೇಳುವುದು

ಉಳಿದೆಲ್ಲ ಹೆಜ್ಜೆಗಳಲ್ಲಿ ಎಡವಿದರೂ ನಡೆಯುತ್ತದೆ, ಇಲ್ಲಿ ಎಡವಬಾರದು.

ಅಬಿಗೇಲ್ ಹೌಸೆನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಶಿಕ್ಷಣ ವಿಭಾಗದಲ್ಲಿದ್ದ ಫಿಲಿಪ್ ಯೆನವೈನ್ ಸೇರಿ ಗುಂಪಿನಲ್ಲಿ ಚಿತ್ರ ನೋಡುವುದಕ್ಕೆ ಒಂದು ವಿಧಾನ ರೂಪಿಸಿದರು. ಅದರ ಜೀವಾಳ ಮೂರು ಪ್ರಶ್ನೆ: ಇಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗೆ ಹೇಳಿದಿರಿ? ಇನ್ನೂ ಏನು ಕಾಣುತ್ತದೆ?

ನಾನು ಎರಡನೆಯ ಪ್ರಶ್ನೆಯನ್ನು ಮೊದಮೊದಲು "ಯಾಕೆ ಹಾಗೆ ಹೇಳುತ್ತೀರಿ?" ಎಂದು ಕೇಳುತ್ತಿದ್ದೆ. ಜನ ಸುಮ್ಮನಾಗಿಬಿಡುತ್ತಿದ್ದರು. ನಮ್ಮಲ್ಲಿ "ಯಾಕೆ" ಎಂಬುದು ಮೇಷ್ಟ್ರು ಬೆತ್ತ ಹಿಡಿದು ಕೇಳುವ ಪ್ರಶ್ನೆ. ತಡವಾಗಿ ಬಂದದ್ದಕ್ಕೆ, ಲೆಕ್ಕ ತಪ್ಪಿದ್ದಕ್ಕೆ ಕೇಳುವಂಥದ್ದು. ಅದನ್ನು ಬಿಟ್ಟು "ಎಲ್ಲಿ ಕಾಣುತ್ತದೆ?" ಎಂದು ಕೇಳತೊಡಗಿದೆ. ಎಲ್ಲಿ ಎಂದರೆ ಬೆರಳು ತಾನಾಗಿ ಏಳುತ್ತದೆ, ಬೆರಳಿನ ಹಿಂದೆ ಏಳು ಜನರ ಕಣ್ಣು ಹೋಗುತ್ತದೆ. (ಬೆರಳು ಕಲ್ಲನ್ನು ಮುಟ್ಟಬಾರದು, ಗೇಣು ದೂರದಲ್ಲಿ ನಿಲ್ಲಬೇಕು.)

ನಾವು ಮೂರು ಸಲ ಹೋಗಿ ಬಂದಿರುವ ಒಂದು ವೀರಗಲ್ಲಿನ ಮುಂದೆ ನಡೆದದ್ದನ್ನು ಬರೆಯುತ್ತೇನೆ. ಮೂರು ಪಟ್ಟಿಕೆಗಳ ಕಲ್ಲು. ತುದಿಯಲ್ಲಿ ಸೂರ್ಯ, ಚಂದ್ರ.

"ಇಲ್ಲಿ ಏನು ನಡೆಯುತ್ತಿದೆ?"

"ಯುದ್ಧ" ಎಂದರು ಒಬ್ಬರು.

"ಎಲ್ಲಿ ಕಾಣುತ್ತದೆ?"

"ಕೆಳಗಿನ ಪಟ್ಟಿಕೆಯಲ್ಲಿ. ನಡುವೆ ಇರುವವನ ಕೈಯಲ್ಲಿ ಬಿಲ್ಲಿದೆ, ಎದುರಿಗೆ ಮೂರು ಜನ ಇದ್ದಾರೆ."

"ಇನ್ನೂ ಏನು ಕಾಣುತ್ತದೆ?"

"ಅವನ ಹಿಂದೆ ಕುದುರೆ ಇದೆ. ಇಳಿದು ಹೋರಾಡುತ್ತಿದ್ದಾನೆ."

ಕುದುರೆ ಎಂದದ್ದು ನಾನೇ. ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೂ ಕುದುರೆ ಎಂದೇ ಹೇಳಿಕೊಟ್ಟಿದ್ದೆ. ದೂರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮ ಗದ್ದಲ ಕೇಳಿ ಹತ್ತಿರ ಬಂದು ನಿಂತಿದ್ದರು. "ನಿಮಗೇನು ಕಾಣುತ್ತದೆ, ಅಜ್ಜಿ?" ಎಂದು ಕೇಳಿದೆ. ಅವರು ತಡಮಾಡಲಿಲ್ಲ. "ಕುದುರೆ ಅಲ್ಲಪ್ಪ, ಆಕಳು. ಬಾಲ ನೋಡು. ಸಣ್ಣಗೆ ಇಳಿದು ತುದಿಯಲ್ಲಿ ಮಾತ್ರ ಕುಚ್ಚಿದೆ. ಕುದುರೆಗೆ ಬುಡದಿಂದಲೇ ಕೂದಲು ಇರುತ್ತದಲ್ಲ?"

ಕೊಂಬು ಸವೆದುಹೋಗಿತ್ತು. ಬಾಲ ಉಳಿದಿತ್ತು. ಒಂದು ಕುಚ್ಚಿನಿಂದ ಇಡೀ ಕಲ್ಲಿನ ಅರ್ಥ ತಿರುಗಿತು: ದಂಡೆತ್ತಿ ಹೋದ ಸೈನಿಕನಲ್ಲ, ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು. ಹಳಗನ್ನಡ ಶಾಸನಗಳಲ್ಲಿ ತುರುಗೊಳ್ ಎಂದು ಮತ್ತೆ ಮತ್ತೆ ಬರುವ ಮಾತು ಹೀಗೆ ದನ ಹೊಡೆದುಕೊಂಡು ಹೋಗುವುದನ್ನೇ ಹೇಳುತ್ತದೆ.

ನಡೆಸುವವರಿಗೆ ಇನ್ನೊಂದು ಕೆಲಸವಿದೆ. ಯಾರು ಏನೇ ಹೇಳಲಿ, ಅದನ್ನು ನಿಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿ. "ಅಂದರೆ ಬಾಲವನ್ನು ನೋಡಿ ಆಕಳು ಎನ್ನುತ್ತೀರಿ" ಎಂದರೆ ಸಾಕು. ಭೇಷ್ ಎನ್ನಬೇಡಿ, ತಪ್ಪು ಎನ್ನಬೇಡಿ. ಭೇಷ್ ಎಂದ ಕೂಡಲೇ ಉಳಿದವರು ನಿಮ್ಮ ಬಾಯಿಂದ ಇನ್ನೊಂದು ಭೇಷ್ ಹೊರಡಿಸಲು ಮಾತನಾಡತೊಡಗುತ್ತಾರೆ.

ಆರನೆಯ ಹೆಜ್ಜೆ: ಭಿನ್ನಾಭಿಪ್ರಾಯ ಬಂದಾಗ

ಅದೇ ಕಲ್ಲಿನ ನಡುವಿನ ಪಟ್ಟಿಕೆಯಲ್ಲಿ ಒಬ್ಬ ಗಂಡಸು, ಅವನ ಎರಡೂ ಪಕ್ಕದಲ್ಲಿ ಹೆಂಗಸರು. "ಹೆಂಡತಿಯರು, ಸಹಗಮನ ಮಾಡಿರಬೇಕು" ಎಂದರು ಒಬ್ಬರು. "ಅಪ್ಸರೆಯರು" ಎಂದರು ಇನ್ನೊಬ್ಬರು. ಎರಡೂ ಆಗಬಹುದಲ್ಲ, ಅವರವರ ಭಾವಕ್ಕೆ ಬಿಡೋಣ ಎಂದು ಮೂರನೆಯವರು ರಾಜಿಗೆ ಬಂದರು.

ಈ ರಾಜಿಯನ್ನು ನಾನು ಒಪ್ಪುವುದಿಲ್ಲ. ಎಲ್ಲರ ಅಭಿಪ್ರಾಯವೂ ಸರಿ ಎಂದರೆ ನೋಡುವ ಅಗತ್ಯವೇ ಉಳಿಯುವುದಿಲ್ಲ, ಮನೆಯಲ್ಲೇ ಕೂತು ಅಭಿಪ್ರಾಯ ಇಟ್ಟುಕೊಳ್ಳಬಹುದಿತ್ತು. ನಾವು ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ ಮೂರು ಕಂಬಸಾಲು ಎಳೆದಿದ್ದೇವೆ: ಕಲ್ಲು ಹೇಳಿದ್ದು, ರೂಢಿ ಹೇಳಿದ್ದು, ನಾವು ಹೇಳಿದ್ದು. ಹೆಂಗಸರ ಕೈಯಲ್ಲಿ ಚಾಮರವಿದೆ, ಸೆರಗು ಗಾಳಿಗೆ ಹಾರುತ್ತಿದೆ, ಪಾದಗಳು ನೆಲಕ್ಕೆ ತಾಗಿಲ್ಲ. ಇದು ಮೊದಲ ಸಾಲಿಗೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕೂತಿರುವುದು, ಇದು ರೂಢಿ. ಸಹಗಮನದ ಕಲ್ಲು ಬೇರೆ ಇರುತ್ತದೆ, ಅದರಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳನ್ನು ಕೆತ್ತುತ್ತಾರೆ, ಮಾಸ್ತಿಕಲ್ಲು ಎನ್ನುತ್ತಾರೆ. ವೀರನೂ ಸತಿಯೂ ಒಂದೇ ಕಲ್ಲಿನಲ್ಲಿ ಇರುವುದುಂಟು, ಆದರೆ ನಮ್ಮ ಕಲ್ಲಿನಲ್ಲಿ ಆ ತೋಳು ಇಲ್ಲ. ಹೀಗಾಗಿ ಅಪ್ಸರೆಯರ ಪಕ್ಷ ಗೆದ್ದಿತು.

"ಅವನಿಗೆ ಸಾಯುವಾಗ ಭಯವಾಗಿತ್ತು" ಎಂದು ಗುಂಪಿನ ಕಾಲೇಜು ಹುಡುಗಿ ಹೇಳಿದಳು. ಕಲ್ಲು ಅದನ್ನು ಹೇಳುವುದಿಲ್ಲ, ರೂಢಿಯಂತೂ ಹೇಳಗೊಡುವುದಿಲ್ಲ. ಅದನ್ನು ಮೂರನೆಯ ಸಾಲಿನಲ್ಲಿ ಬರೆದುಕೊಂಡೆವು. ಆ ಸಾಲು ಕಸದ ಬುಟ್ಟಿಯಲ್ಲ. ಅಲ್ಲಿರುವುದನ್ನು ಕಲ್ಲಿನ ಹೆಸರಿನಲ್ಲಿ ಹೇಳಬಾರದು, ಅಷ್ಟೇ.

ಏಳನೆಯ ಹೆಜ್ಜೆ: ಮಾಹಿತಿ ತರುವ ಹೊತ್ತು

ಮೊದಲ ಇಪ್ಪತ್ತು ನಿಮಿಷ ಕಾಲ, ರಾಜ, ಶೈಲಿ ಯಾವುದೂ ಬೇಡ. ಎಲ್ಲವನ್ನೂ ಬಲ್ಲವರೊಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಕೈಗೆ ಟಿಪ್ಪಣಿ ಪುಸ್ತಕ ಕೊಟ್ಟುಬಿಡಿ, ಬರೆಯುವಾಗ ಬಾಯಿ ಮುಚ್ಚಿರುತ್ತದೆ.

ಆದರೆ ಮಾಹಿತಿ ಬರಲೇಬೇಕು. ಕಣ್ಣೊಂದನ್ನೇ ನಂಬಿ ಮನೆಗೆ ಹೋದರೆ ಅರ್ಧ ಕೆಲಸ. ಕಲ್ಲಿನ ಪಟ್ಟಿಕೆಗಳ ನಡುವೆ ಅಕ್ಷರಗಳಿದ್ದರೆ ಅದನ್ನು ಯಾರಾದರೂ ಓದಿ ಅಚ್ಚು ಹಾಕಿಸಿರುವ ಸಾಧ್ಯತೆಯಿದೆ. ಬಿ. ಎಲ್. ರೈಸ್ ಆರಂಭಿಸಿದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ ಚಿತ್ರದುರ್ಗ ಜಿಲ್ಲೆಗೆ 11ನೆಯ ಸಂಪುಟ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ, ಹರಿಹರದ ಶಾಸನಗಳನ್ನೂ ಅದರಲ್ಲೇ ಹುಡುಕಬೇಕು. ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗದ 7ನೆಯ ಸಂಪುಟ ನೋಡಬೇಕು, ಆಗ ಅವು ಆ ಜಿಲ್ಲೆಯಲ್ಲಿದ್ದವು. ಇದು ಗೊತ್ತಿಲ್ಲದೆ ನಾನು ಗ್ರಂಥಾಲಯದಲ್ಲಿ ಒಂದು ಇಡೀ ದಿನ ಕಳೆದಿದ್ದೇನೆ.

ಕಟ್ಟಡವಾದರೆ

ಕಟ್ಟಡದ ಮುಂದೆ ಎಲ್ಲರೂ ಒಂದೆಡೆ ನಿಲ್ಲುವುದು ವ್ಯರ್ಥ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಗೆ ಹೋದಾಗ ನಾವು ಇಬ್ಬಿಬ್ಬರಾಗಿ ನಾಲ್ಕು ಬದಿಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಕೊನೆಗೆ ಒಂದೆಡೆ ಸೇರಿ, ನೀರ ನಡುವಿನ ಮಂಟಪ ಯಾವ ಬದಿಯಿಂದ ಹೇಗೆ ಕಂಡಿತು ಎಂದು ಹೇಳಬೇಕು. ಒಬ್ಬರಿಗೆ ಗೋಪುರ ಕಂಡಿರುತ್ತದೆ, ಒಬ್ಬರಿಗೆ ಕಮಾನು, ಇನ್ನೊಬ್ಬರಿಗೆ ಬರೀ ನೀರಿನ ಪ್ರತಿಬಿಂಬ.

ಇಲ್ಲಿ ಮಾತು ಬೇಗ ಜಾರುತ್ತದೆ. ಹೊಂಡ ಪಾಳೆಯಗಾರ ಹನುಮಪ್ಪ ನಾಯಕನದು, ಪಕ್ಕದ ಮುಸಾಫಿರ್‌ಖಾನೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನದು ಎಂಬುದು ಪ್ರಚಲಿತ ಇತಿಹಾಸ. ಈ ಎರಡು ಹೆಸರು ಕಿವಿಗೆ ಬಿದ್ದರೆ ಸಾಕು, ಕಟ್ಟಡವನ್ನು ಬಿಟ್ಟು ಟಿವಿ ಚರ್ಚೆ ಶುರುವಾಗುತ್ತದೆ. ನಾನು ವಾದಕ್ಕೆ ಇಳಿಯುವುದಿಲ್ಲ. "ನೀವು ಹೇಳಿದ್ದು ಎಲ್ಲಿ ಕಾಣುತ್ತದೆ?" ಎಂದು ಅದೇ ಪ್ರಶ್ನೆ ಕೇಳುತ್ತೇನೆ. ಒಮ್ಮೆ ಹೀಗೆ ಕೇಳಿದಾಗ ಇಬ್ಬರೂ ಎದ್ದು ಹೋಗಿ ಕಮಾನಿನ ಕೆಳಗೆ ನಿಂತರು. ಜಗಳ ಮುಗಿಯಲಿಲ್ಲ, ಆದರೆ ಗಾರೆ, ಕಲ್ಲು, ಕಮಾನಿನ ತಿರುವುಗಳ ಬಗ್ಗೆ ನಡೆಯಿತು. ಅಷ್ಟು ಸಾಕು.

ಕಲಾವಿದರು ಎದುರಿಗೇ ಇದ್ದರೆ

ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇರುವುದು ನಮ್ಮ ಪುಣ್ಯ. ವಿದ್ಯಾರ್ಥಿಗಳ ಪ್ರದರ್ಶನ ನಡೆದಾಗ ಬಿಡಿಸಿದವರು ಚಿತ್ರದ ಪಕ್ಕದಲ್ಲೇ ನಿಂತಿರುತ್ತಾರೆ. ನೋಡಿದವರು ಕೇಳುವ ಮೊದಲ ಪ್ರಶ್ನೆ "ಇದರ ಅರ್ಥವೇನು?" ಪಾಪ, ಆ ಹುಡುಗರು ಉರು ಹಚ್ಚಿದ ಎರಡು ವಾಕ್ಯ ಒಪ್ಪಿಸುತ್ತಾರೆ, ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಹತ್ತು ನಿಮಿಷ ಸುಮ್ಮನಿರಲು ಕಲಾವಿದರನ್ನು ಕೇಳಿಕೊಳ್ಳಿ. ನಿಮ್ಮ ಗುಂಪು ಮಾತನಾಡಲಿ, ಅವರು ಕೇಳಲಿ. ಆಮೇಲೆ ಅರ್ಥ ಕೇಳುವುದಕ್ಕಿಂತ ಕೆಲಸದ ಬಗ್ಗೆ ಕೇಳಿ: ಮೊದಲು ಯಾವ ಬಣ್ಣ ಹಾಕಿದಿರಿ, ಯಾವುದನ್ನು ಅಳಿಸಿದಿರಿ, ಮುಗಿಯಿತು ಎಂದು ಹೇಗೆ ತಿಳಿಯಿತು?

ಆಕಾರವಿಲ್ಲದ ಅಮೂರ್ತ ಚಿತ್ರದ ಮುಂದೆ "ಇದನ್ನು ನನ್ನ ಮೊಮ್ಮಗನೂ ಬರೆಯುತ್ತಾನೆ" ಎನ್ನುವವರು ಇದ್ದೇ ಇರುತ್ತಾರೆ. ನಕ್ಕು ಬಿಡಬೇಡಿ. "ಮೊಮ್ಮಗ ಯಾವ ಭಾಗವನ್ನು ಬರೆಯಬಲ್ಲ, ಯಾವುದನ್ನು ಬರೆಯಲಾರ?" ಎಂದು ಕೇಳಿ. ನಮ್ಮಲ್ಲಿ ಹಾಗೆ ಹೇಳಿದ ಹಿರಿಯರು ಕಾಲು ಗಂಟೆ ಆ ಚಿತ್ರವನ್ನು ಶೋಧಿಸಿ, "ಈ ಮೂಲೆಯ ಕಪ್ಪನ್ನು ಅವನು ಇಷ್ಟು ಕಡಿಮೆಗೆ ನಿಲ್ಲಿಸುತ್ತಿರಲಿಲ್ಲ" ಎಂದರು.

ಕೊನೆಯ ಹೆಜ್ಜೆ: ಬರೆದಿಡುವುದು, ಮತ್ತೆ ಹೋಗುವುದು

ನೋಡತೊಡಗಿ ಒಂದು ಗಂಟೆಯಾದ ಮೇಲೆ ನಿಲ್ಲಿಸಿ. ಫೋಟೊ ಈಗ ತೆಗೆಯಬಹುದು. ಪೂರ್ತಿ ಕಲ್ಲಿನದು ಒಂದು, ವಾದ ಎದ್ದ ಜಾಗಗಳದು ಒಂದೊಂದು, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು. ಟಿಪ್ಪಣಿಯಲ್ಲಿ ದಿನಾಂಕ, ಹೊತ್ತು, ಬಿಸಿಲಿತ್ತೋ ಮೋಡವಿತ್ತೋ ಬರೆಯಿರಿ. ಪುಸ್ತಕ ಹಿಡಿದವರು ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಅಂಗಡಿಗೂ ಬರಬೇಕು. ಕಲ್ಲಿನ ಮುಂದೆ ಬಾಯಿ ಬಿಡದವರು ಅಲ್ಲಿ ಒಂದು ಮಾತು ಹೇಳುತ್ತಾರೆ.

ಆಕಳಿನ ಕಲ್ಲಿನ ವಿಷಯದಲ್ಲಿ ಹಾಗೇ ಆಯಿತು. ಆಕಳಿನ ಹಿಂಗಾಲಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕಾಲಿದೆ, ಕರು ಇರಬಹುದು ಎಂದು ಮಿಲ್ಲಿನ ಹಿರಿಯರು ಮಿರ್ಚಿ ಮುರಿಯುತ್ತಾ ಹೇಳಿದರು. ಎರಡನೆಯ ಸಲ ಹೋದಾಗ ಮೋಡ. ಮೂರನೆಯ ಸಲ ಟಾರ್ಚ್ ಹಿಡಿದು ನೋಡಿದೆವು. ನಾಲ್ವರಿಗೆ ಕರುವಿನ ಕಾಲು ಕಂಡಿತು, ಮೂವರಿಗೆ ಕಲ್ಲಿನ ಚಕ್ಕೆ ಎದ್ದ ಗುರುತು ಕಂಡಿತು. ಅಜ್ಜಿ ಅಂದು ಎಮ್ಮೆ ಹೊಡೆದುಕೊಂಡು ಬೇರೆ ಕಡೆ ಹೋಗಿದ್ದರು. ಪುಸ್ತಕದಲ್ಲಿ ಅದು ಇನ್ನೂ ಯಾವ ಸಾಲಿಗೂ ಸೇರಿಲ್ಲ. ಮಾಗಿಯ ಬಿಸಿಲು ಬಂದ ಮೇಲೆ ಬೆಳಿಗ್ಗೆ ಏಳೂವರೆಗೆ ಹೋಗುವುದೆಂದು ಬರೆದುಕೊಂಡಿದ್ದೇವೆ.